ಫ್ಲೆಕ್ಸ್‌ನಲ್ಲಿ ಕಾಣದ ಲಿಫ್ಟರ್

ನಮ್ಮ ಕಡೆ ಮಾಜಿ ಸೈನಿಕರು ತೀರಿಕೊಂಡರೆ ಫ್ಲೆಕ್ಸ್ ಅಂಗಡಿಯವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಹಿಮದ ಬೆಟ್ಟ, ಮೇಲೆ ಹಾರಾಡುವ ಬಾವುಟ, ಒಂದು ಮೂಲೆಯಲ್ಲಿ ಯುದ್ಧವಿಮಾನ, ಇನ್ನೊಂದು ಮೂಲೆಯಲ್ಲಿ ಉರಿಯುವ ದೀಪ. ನಡುವೆ ಮುಖ ಕೂರಿಸಿ, ಕೆಳಗೆ ‘ವೀರಯೋಧನಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಬರೆದರೆ ಮುಗಿಯಿತು. 2024ರ ಜನವರಿಯಲ್ಲಿ ನನ್ನ ಗೆಳೆಯನ ಮುಖವೂ ಆ ಬೆಟ್ಟದ ಮುಂದೆ ಬಂದು ಕೂತಿತು. ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ.

ಯುದ್ಧವಿಮಾನಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಅವನಿದ್ದದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಕೇಂದ್ರ ಇರುವ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ. ಎಂಇಜಿ ಅಂತಾರೆ, ಮದ್ರಾಸ್ ಸ್ಯಾಪರ್ಸ್ ಅಂತಲೂ ಅಂತಾರೆ. 1780ರಿಂದ ಇರುವ ಪಡೆ. ಸೇತುವೆ ಕಟ್ಟೋದು, ಬೆಟ್ಟ ಕಡಿದು ದಾರಿ ಮಾಡೋದು, ನೆಲದಲ್ಲಿ ಹೂತ ಬಾಂಬು ಹುಡುಕಿ ತೆಗೆಯೋದು ಇವರ ಕೆಲಸ. ವಿಮಾನ ಹಾಕಿದ ಅಂಗಡಿ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಸಿಕ್ಕಿದ್ದು ಯೂನಿಫಾರಂನ ಒಂದೇ ಫೋಟೋ, ಅದೂ ಯಾವುದೋ ಅರ್ಜಿಗೆ ತೆಗೆಸಿದ್ದು.

ವಾಲಿಬಾಲ್ ಆಡುವ ಫೋಟೋ ಹುಡುಕಿ ಅಂತ ಅವನ ಹೆಂಡತಿ ಅವತ್ತೇ ಹೇಳಿದ್ದರು. ನಾವು ಹುಡುಕಿದೆವು. ಹಳೆ ಪಂದ್ಯಾವಳಿಗಳ ಆಲ್ಬಂ, ಹುಡುಗರ ಮೊಬೈಲು, ಕಮಿಟಿಯವರ ಪೆನ್‌ಡ್ರೈವ್, ಎಲ್ಲ ಜಾಲಾಡಿದೆವು. ನೆಟ್‌ಗಿಂತ ಮೇಲೆ ಹಾರಿ ಚೆಂಡು ಕುಟ್ಟುತ್ತಿರುವವರ ಫೋಟೋ ರಾಶಿ ರಾಶಿ ಇತ್ತು. ಅವನು ಇದ್ದದ್ದು ಅವುಗಳ ಅಂಚಿನಲ್ಲಿ. ಒಂದರಲ್ಲಿ ಮೊಣಕೈ, ಒಂದರಲ್ಲಿ ಬೆನ್ನು, ಇನ್ನೊಂದರಲ್ಲಿ ನೆಟ್ಟಿನ ಕಂಬ ಮುಖಕ್ಕೇ ಅಡ್ಡ. ಅವನು ಲಿಫ್ಟರ್ ಆಗಿದ್ದ. ಕ್ಯಾಮೆರಾ ಹಿಡಿದವರು ಲಿಫ್ಟರನ್ನು ತೆಗೆಯೋದಿಲ್ಲ.

ವಾಲಿಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತಂಡ ಚೆಂಡನ್ನು ಹೆಚ್ಚೆಂದರೆ ಮೂರು ಸಲ ಮುಟ್ಟಬಹುದು. ಮೊದಲನೆಯದು ಬಂದ ಚೆಂಡನ್ನು ತಡೆದು ನಿಲ್ಲಿಸಲಿಕ್ಕೆ, ಮೂರನೆಯದು ಆಚೆ ಕಡೆ ಹೊಡೆಯಲಿಕ್ಕೆ. ನಡುವಿನ ಎರಡನೆಯದು ಲಿಫ್ಟರನದು. ಪುಸ್ತಕದ ಭಾಷೆಯಲ್ಲಿ ಸೆಟ್ಟರ್ ಅನ್ನುತ್ತಾರೆ. ಹಾಸನ, ಚಿಕ್ಕಮಗಳೂರು, ಕರಾವಳಿ ಎಲ್ಲ ಕಡೆ ಹೊನಲು ಬೆಳಕಿನ ಮೈಕಿನಲ್ಲಿ ಕೇಳಿಸೋದು ಲಿಫ್ಟರ್ ಅಂತಲೇ. ಎಂಥ ಕೆಟ್ಟ ಪಾಸ್ ಬಂದರೂ ಅದನ್ನು ಬೆರಳ ತುದಿಯಲ್ಲೇ ತಿದ್ದಿ, ಹೊಡೆಯುವವನು ಹಾರುವ ಜಾಗಕ್ಕೆ, ಹಾರುವ ಹೊತ್ತಿಗೆ ಸರಿಯಾಗಿ ಚೆಂಡು ಏರಿಸಬೇಕು. ಎರಡು ಕೈಗೂ ಒಂದೇ ಹೊತ್ತಿಗೆ ತಾಗಬೇಕು. ಕೂದಲೆಳೆ ಹಿಂದೆಮುಂದೆ ಆದರೂ ಅಂಪೈರ್ ಎರಡು ಬೆರಳೆತ್ತಿ ‘ಡಬಲ್’ ಅನ್ನುತ್ತಾನೆ, ಪಾಯಿಂಟ್ ಆಚೆಯವರಿಗೆ. ಸರಿಯಾಗಿ ಎತ್ತಿದರೆ ಚಪ್ಪಾಳೆ ಹೊಡೆದವನಿಗೆ.

ಅವನ ಬೆರಳುಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಬಲಗೈಯ ಉಂಗುರದ ಬೆರಳು ಮೇಲಿನ ಗಂಟಿನಲ್ಲಿ ಹೊರಕ್ಕೆ ಸೊಟ್ಟಗಾಗಿತ್ತು. ಶಾಲೆಯಲ್ಲಿದ್ದಾಗ ಮುರಿದದ್ದು, ನಾಟಿ ವೈದ್ಯರು ಕಟ್ಟು ಕಟ್ಟಿದ್ದು, ನೆಟ್ಟಗೆ ಕೂಡಲಿಲ್ಲ. ಮ್ಯಾಚಿಗೆ ಮುಂಚೆ ಬಿಳಿ ಪ್ಲಾಸ್ಟರ್ ಟೇಪನ್ನು ಹಲ್ಲಲ್ಲಿ ಕಚ್ಚಿ ಹರಿದು ನಾಲ್ಕು ಬೆರಳಿಗೆ ಸುತ್ತುತ್ತಿದ್ದ, ಸೊಟ್ಟ ಬೆರಳಿಗೆ ಮಾತ್ರ ಸುತ್ತುತ್ತಿರಲಿಲ್ಲ. ಯಾಕೆ ಅಂದರೆ, “ಅದುಕ್ಕೆ ಕಟ್ಟಿದ್ರೆ ಚೆಂಡು ಎಲ್ಲಿದೆ ಅಂತ್ಲೇ ಗೊತ್ತಾಗಲ್ಲ ಕಣ್ಲಾ” ಅನ್ನುತ್ತಿದ್ದ. ಅವನು ಎತ್ತಿದಾಗ ಸದ್ದೇ ಬರುತ್ತಿರಲಿಲ್ಲ. ಬೇರೆ ಲಿಫ್ಟರ್‌ಗಳ ಕೈಯಲ್ಲಿ ಚೆಂಡು ‘ಟಪ್’ ಅನ್ನುತ್ತದೆ. ಇವನ ಕೈಯಿಂದ ಚೆಂಡು ಹೊರಟದ್ದು ಅದು ಮೇಲೆ ಕಂಡಾಗಲೇ ಗೊತ್ತಾಗುತ್ತಿದ್ದದ್ದು.

ನಾನು ಆಟಗಾರನಲ್ಲ. ಪಂದ್ಯಾವಳಿಗಳಲ್ಲಿ ಸ್ಕೋರ್ ಬರೆಯುವವನು. ಓದುವಾಗ ಶುರುವಾದ ಚಟ, ಈಗ ಹಾಸನದಲ್ಲಿ ಕೆಲಸ ಮಾಡುತ್ತಿದ್ದರೂ ಬಿಟ್ಟಿಲ್ಲ. ಬರೆಯುವ ಜಾಗದಿಂದ ಆಟ ಬೇರೆ ಥರ ಕಾಣುತ್ತದೆ. ಸರ್ವೀಸ್ ಯಾರದ್ದು, ಪಾಯಿಂಟ್ ಎಷ್ಟು, ಟೈಂ ಔಟ್ ಯಾವಾಗ, ಬದಲಿ ಆಟಗಾರ ಯಾರು, ಎಲ್ಲಕ್ಕೂ ಹಾಳೆಯಲ್ಲಿ ಜಾಗ ಇದೆ. ಲಿಫ್ಟಿಗೆ ಜಾಗ ಇಲ್ಲ.

ನಮ್ಮೂರು ಸಕಲೇಶಪುರದಿಂದ ಹೆತ್ತೂರು ಕಡೆಗೆ ಹೋಗುವ ದಾರಿಯಲ್ಲಿದೆ. ಊರ ಹೆಸರೂ ಅವನ ಹೆಸರೂ ಬೇಡ ಅಂತ ಮನೆಯವರು ಹೇಳಿದ್ದಾರೆ, ಆಗಲಿ. ಊರವರು ಅವನನ್ನು ‘ಮಿಲ್ಟ್ರಿ’ ಅಂತಲೇ ಕರೆಯುತ್ತಿದ್ದರು, ಇಲ್ಲೂ ಹಾಗೇ ಕರೆಯಬಹುದಿತ್ತು. ಆದರೆ ಆ ಹೆಸರಿನ ಮೇಲೆಯೇ ನನ್ನ ತಕರಾರು ಇರೋದು.

ಅವನು ಮಿಲ್ಟ್ರಿ ಸೇರಿದ್ದೇ ವಾಲಿಬಾಲಿನಿಂದ. ದೇಶಭಕ್ತಿ ಇರಲಿಲ್ಲ ಅಂತಲ್ಲ, ಅದನ್ನು ಅವನು ಬಾಯಲ್ಲಿ ಆಡುತ್ತಿರಲಿಲ್ಲ. ಪಿಯುಸಿ ಮುಗಿಸಿ ತೋಟದ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ, ಸೇನೆಯಲ್ಲಿ ಆಟ ಆಡುವವರಿಗೆ ಬೇರೆ ಊಟ, ಬೇರೆ ಬೂಟು, ದಿನಾ ಪ್ರಾಕ್ಟೀಸು ಅಂತ ಯಾರೋ ಹೇಳಿದ್ದರು. ಅಷ್ಟು ಸಾಕಾಯಿತು. 2003ರಲ್ಲಿ ರ‍್ಯಾಲಿಗೆ ಹೋದ, ಓಡಿದ, ಹಳ್ಳ ಹಾರಿದ, ಪುಲ್‌ಅಪ್ ಹೊಡೆದ, ಮೆಡಿಕಲ್‌ನಲ್ಲಿ ಸೊಟ್ಟ ಬೆರಳು ತೋರಿಸಿ ಹೆದರಿಕೊಂಡು ನಿಂತ. ಪಾಸಾದ. ಹೊರಡುವ ದಿನ ಅವರಮ್ಮ ಕಣ್ಣೀರು ಹಾಕಿದ್ದಕ್ಕೆ “ಆಡಕ್ಕೆ ಹೋಗ್ತಿರಾದು ಕಣವ್ವ” ಅಂದಿದ್ದ. ಅವರಿಗೆ ಅದು ಸಮಾಧಾನದ ಮಾತಾಗಿ ಕೇಳಿಸಿತ್ತು. ಅವನು ನಿಜವನ್ನೇ ಹೇಳಿದ್ದ.

ತರಬೇತಿ ಮುಗಿದ ಮೇಲೆ ಯೂನಿಟ್ ತಂಡಕ್ಕೆ ಆಯ್ಕೆಯಾದ. ಸೇನೆಯ ಆಟದ ಲೋಕ ನಮ್ಮಂಥವರಿಗೆ ಅಷ್ಟಾಗಿ ಗೊತ್ತಿಲ್ಲ. ಮಿಲ್ಖಾ ಸಿಂಗ್ ಸೇನೆಯಿಂದ ಬಂದವರು, ನೀರಜ್ ಚೋಪ್ರಾ ನಾಯಬ್ ಸುಬೇದಾರನಾಗಿ ಸೇರಿದವರು ಅನ್ನೋದು ಪತ್ರಿಕೆ ಓದಿದವರಿಗೆಲ್ಲ ಗೊತ್ತು. ಅವರ ಕೆಳಗೆ ಸಾವಿರಾರು ಜನ ಕಂಪನಿ, ಬಟಾಲಿಯನ್, ಬ್ರಿಗೇಡ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಆಡುತ್ತಿರುತ್ತಾರೆ. ಆ ಮೆಟ್ಟಿಲುಗಳಲ್ಲಿ ಇವನು ಎಲ್ಲೋ ನಡುವಿನ ತನಕ ಹತ್ತಿದ. ದೊಡ್ಡ ಪದಕ ಯಾವುದೂ ಇಲ್ಲ. ಮೊಣಕಾಲು ಕೈಕೊಟ್ಟಿತು, ತಂಡದಿಂದ ಹೊರಗೆ ಬಂದು ಎಲ್ಲರ ಹಾಗೆ ಡ್ಯೂಟಿ ಮಾಡಿದ.

ಲಡಾಖಿನ ಕಥೆ ಮಾತ್ರ ಅವನ ಬಾಯಲ್ಲಿ ಕೇಳಬೇಕು. ರಜೆಗೆ ಬಂದಾಗ ಯುದ್ಧದ ಕಥೆ ಹೇಳು ಅಂತ ಹುಡುಗರು ಪೀಡಿಸಿದರೆ ಇದನ್ನೇ ಹೇಳುತ್ತಿದ್ದ. ಬೆಂಗಳೂರಿನಿಂದ ಹೊರಡುವಾಗ ಕಿಟ್‌ಬ್ಯಾಗಿನಲ್ಲಿ ಒಂದು ಹೊಸ ಚೆಂಡು ಒಯ್ದಿದ್ದನಂತೆ. ಎತ್ತರಕ್ಕೆ ಹೋದವರು ಮೊದಲ ಆರು ದಿನ ಭಾರದ ಕೆಲಸ ಮಾಡದೆ ಮೈಗೆ ಆ ಗಾಳಿ ಒಗ್ಗಿಸಿಕೊಳ್ಳಬೇಕು, ಇನ್ನೂ ಮೇಲೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ, ಅದಕ್ಕೂ ಮೇಲಾದರೆ ಇನ್ನೂ ನಾಲ್ಕು. ಅದು ಸೇನೆಯ ನಿಯಮ. ಇವನು ಆರು ದಿನ ಕಾಯುತ್ತ ಚೆಂಡನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ. ಏಳನೆಯ ದಿನ ಹೊರಗೆ ತಂದು ಎತ್ತಿ ನೋಡಿದರೆ ಚೆಂಡು ಕಲ್ಲಾಗಿದೆ.

ಲೆಕ್ಕ ಸರಳ. ವಾಲಿಬಾಲಿನ ಒಳಗೆ ತುಂಬುವ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋ, ಅಷ್ಟೇ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಭಾಗ. ಕೆಳಗೆ ಸರಿಯಿದ್ದ ಚೆಂಡು ಮೇಲೆ ಹೋದ ತಕ್ಷಣ ಹೆಚ್ಚುಕಮ್ಮಿ ಎರಡರಷ್ಟು ಬಿಗಿ. ಗಾಳಿ ಬಿಟ್ಟು ಸರಿಮಾಡಿದರೆ ಮುಂದಿನ ತೊಂದರೆ. ಗಾಳಿಯೇ ತೆಳುವಾದ ಮೇಲೆ ಚೆಂಡನ್ನು ತಡೆಯುವವರು ಯಾರು? ಎತ್ತಿದ ಚೆಂಡು ಅಂದಾಜಿಗಿಂತ ಆಚೆ ಹೋಗಿ ಬೀಳುತ್ತಿತ್ತು. ತೇಲಿಸಿ ಹಾಕಿದ ಸರ್ವೀಸು ತೂರಾಡದೆ ನೇರ ಹೋಗುತ್ತಿತ್ತು. ಹದಿನೈದು ವರ್ಷದಿಂದ ಬೆರಳಿಗೆ ಗೊತ್ತಿದ್ದದ್ದನ್ನೆಲ್ಲ ಮರೆತು ಮತ್ತೆ ಕಲಿತೆ ಅನ್ನುತ್ತಿದ್ದ. ಕಲಿತು ಕೆಳಗೆ ಬಂದ ಮೇಲೆ ಇಲ್ಲಿ ಎತ್ತಿದ್ದೆಲ್ಲ ಗಿಡ್ಡ! ಆ ಸಲದ ರಜೆಯಲ್ಲಿ ನಮ್ಮೂರ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಚೀನಾ ಗಡಿ ಕಾದುಬಂದವನು ಮಲೆನಾಡಿನ ಗಾಳಿಗೆ ಸೋತ ಅಂತ ಅಂಪೈರೇ ಮೈಕಿನಲ್ಲಿ ಛೇಡಿಸಿದ್ದರು.

2018ರ ಆಗಸ್ಟಿನ ಬಗ್ಗೆ ಅವನು ನಗುತ್ತ ಮಾತಾಡಿದ್ದು ನಾನು ನೋಡಿಲ್ಲ. ಕೇರಳದ ಪ್ರವಾಹಕ್ಕೆ ಹೋದ ಇಂಜಿನಿಯರ್ ತುಕಡಿಗಳಲ್ಲಿ ಅವನೂ ಇದ್ದ. ಕೊಚ್ಚಿಹೋದ ದಾರಿಗೆ ಮರದ ದಿಮ್ಮಿ ಅಡ್ಡ ಹಾಕಿ ಜನ ದಾಟಿಸುವ ಕೆಲಸ. ಅದೇ ಹೊತ್ತಿಗೆ ಇಲ್ಲಿ ಶಿರಾಡಿ ಘಾಟ್ ಕುಸಿದಿತ್ತು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿ ಮಣ್ಣಿನಡಿ ಸೇರಿತ್ತು, ಅವನದೇ ತೋಟದ ಮೇಲ್ಬದಿಯ ಧರೆ ಜಾರಿ ಒಂದಷ್ಟು ಮೆಣಸಿನ ಬಳ್ಳಿ ಮರದ ಸಮೇತ ಹೋಗಿತ್ತು. ಫೋನು ಸಿಕ್ಕಾಗ ಅಮ್ಮನಿಗೆ “ಬತ್ತೀನಿ” ಅಂದ. ಬರಲಿಕ್ಕಾಗಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಘೋಷಣೆಗೆ ಸ್ವಲ್ಪ ಮುಂಚೆ ಟ್ರಂಕು ಹೊತ್ತು ಊರಿಗೆ ಬಂದ. ಜವಾನನಿಗೆ, ಅಂದರೆ ಅಧಿಕಾರಿಯಲ್ಲದ ಸಾಮಾನ್ಯ ಸೈನಿಕನಿಗೆ, ಪಿಂಚಣಿ ಸಿಗಲು ಕನಿಷ್ಠ 15 ವರ್ಷ ಸೇವೆ ಆಗಬೇಕು. ಬಹಳ ಜನ ಮೂವತ್ತೈದರಿಂದ ನಲವತ್ತರ ನಡುವೆ ಹೊರಬೀಳುತ್ತಾರೆ. ಇವನು ಮೂವತ್ತಾರಕ್ಕೆ ‘ಮಾಜಿ’ ಆದ. ನಮ್ಮ ಮನಸ್ಸಿನಲ್ಲಿ ಮಾಜಿ ಸೈನಿಕ ಅಂದರೆ ಬಿಳಿಮೀಸೆ, ಸ್ವಾತಂತ್ರ್ಯ ದಿನಾಚರಣೆಯ ಮುಂದಿನ ಸಾಲಿನ ಕುರ್ಚಿ, ಎದೆಮೇಲೆ ಪದಕ. ತಲೆಯಲ್ಲಿ ಒಂದೂ ಬಿಳಿಕೂದಲು ಇಲ್ಲದವನನ್ನು ಅದೇ ಕುರ್ಚಿಗೆ ಕರೆದು ಕೂರಿಸಿ ಹಾರ ಹಾಕಿದರು. ಅವನ ಜೊತೆ ಶಾಲೆಗೆ ಹೋದವರು ಕೆಲಸದಲ್ಲಿ ಆಗಷ್ಟೇ ಕುದುರಿಕೊಳ್ಳುತ್ತಿದ್ದರು.

ಇದರಲ್ಲಿ ಇನ್ನೊಂದು ವಿಷಯ ಇದೆ, ಹೇಳಿಬಿಡುತ್ತೇನೆ. ಇದೇ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಇಪ್ಪತ್ತೆಂಟಕ್ಕೇ ಸೇನೆ ಬಿಟ್ಟು ಬಂದವರು. ಕೃಷಿ ಮಾಡಿದರು, 2003ರಲ್ಲಿ ಏರ್ ಡೆಕ್ಕನ್ ವಿಮಾನಸೇವೆ ಶುರುಮಾಡಿದರು, ನಾಡಿಗೇ ಹೆಸರಾದರು. ಆ ಸಾಹಸಕ್ಕೆ ನನ್ನದೂ ಸಲಾಂ. ಆದರೆ ಅಧಿಕಾರಿಯಾಗಿ ಹೊರಬಂದವನ ಎದುರು ತೆರೆದುಕೊಳ್ಳುವ ಬಾಗಿಲೇ ಬೇರೆ, ಜವಾನನ ಎದುರಿನ ಬಾಗಿಲೇ ಬೇರೆ. ಜವಾನನಿಗೆ ಮೊದಲು ಸಿಗೋದು ಬಾಗಿಲು ಕಾಯುವ ಕೆಲಸ. ಇವನೂ ಸ್ವಲ್ಪ ಕಾಲ ಸೆಕ್ಯುರಿಟಿ ಕೆಲಸಕ್ಕೆ ಹೋಗಿ, ರಾತ್ರಿಪಾಳಿ ಒಗ್ಗದೆ ಬಿಟ್ಟು, ಎರಡೂವರೆ ಎಕರೆ ರೊಬಸ್ಟಾ ಕಾಫಿ ನೋಡಿಕೊಂಡು ಇದ್ದ.

ಹುಡುಗರಿಗೆ ಓಟ ಕಲಿಸಲು ಶುರುಮಾಡಿದ್ದು ಆ ಮೇಲೆ. ಯಾರೋ ಒಬ್ಬ ಹುಡುಗ ಬಂದು ಕೇಳಿದ, ಅವನ ಹಿಂದೆ ಇನ್ನೊಬ್ಬ ಬಂದ. ಸೇನಾ ಭರ್ತಿಗೆ 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ, ಹತ್ತು ಪುಲ್‌ಅಪ್‌ಗೆ 40, ಒಂಬತ್ತು ಅಡಿ ಹಳ್ಳ ಹಾರಲೇಬೇಕು. ಮೈದಾನ ಸಾಲದೆ ರಸ್ತೆಯಲ್ಲಿ ಓಡಿಸುತ್ತಿದ್ದ. ನಮ್ಮ ಕಡೆ ಬೆಳಗಿನ ಜಾವ ರಸ್ತೆಗೆ ಇಳಿಯೋದು ಅಂದರೆ ಆನೆ ಎಲ್ಲಿದೆ ಅಂತ ಮೊದಲು ವಾಟ್ಸಾಪ್ ನೋಡಬೇಕು. “ಐದೂವರೆ ನಿಮಿಷ ಬ್ಯಾಡ, ಆನೆ ಬಂದ್ರೆ ನಾಕ್ ನಿಮ್ಷಕ್ಕೇ ಓಡ್ತೀರ” ಅನ್ನುತ್ತಿದ್ದ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ ದಸರಾ ಆನೆ ಅರ್ಜುನ ಸತ್ತಾಗ ಇಡೀ ತಾಲ್ಲೂಕು ಮಂಕಾಗಿತ್ತು. ಆ ದಿನಗಳಲ್ಲಿ ಓಟ ನಿಲ್ಲಿಸಿ ಹುಡುಗರನ್ನು ನೆಟ್ ಹತ್ತಿರ ಕರೆದು ಬೆರಳಲ್ಲಿ ಚೆಂಡು ಎತ್ತೋದು ಕಲಿಸಿದ. ಭರ್ತಿಗೆ ಅದರಿಂದ ಒಂದು ಅಂಕವೂ ಇಲ್ಲ ಅಂತ ಒಬ್ಬ ಗೊಣಗಿದ. “ಗೊತ್ತು, ಎತ್ತು” ಅಂದ.

ಅರಕಲಗೂಡು ತಾಲ್ಲೂಕಿನ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದದ್ದನ್ನು ಹುಡುಗರಿಗೆ ಆಗಾಗ ಹೇಳುತ್ತಿದ್ದ. ನಮ್ಮ ಜಿಲ್ಲೆಯವನು, ಒಂದು ಕಾಲಿಗೆ ಊನ, ನಿಮ್ಮ ಎದೆಮಟ್ಟ ಅಲ್ಲ ತಲೆಮಟ್ಟ ಹಾರಿದ್ದಾನೆ ಅಂತ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೆದು ತೋರಿಸುತ್ತಿದ್ದ. ಗಿಡ್ಡ ಹುಡುಗರು ಗೀಟಿನ ಕೆಳಗೆ ನಿಂತು ಅಳೆದುಕೊಳ್ಳುತ್ತಿದ್ದರು.

2022ರ ಜೂನ್‌ನಲ್ಲಿ ಅಗ್ನಿಪಥ ಬಂದಾಗ ಮಾತ್ರ ಅವನು ಕೆಲವು ದಿನ ಸುಮ್ಮನಾದ. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದು ಜನರಿಗಷ್ಟೇ ಮುಂದುವರಿಕೆ, ಉಳಿದವರಿಗೆ ಸುಮಾರು 11.71 ಲಕ್ಷದ ಗಂಟು, ಪಿಂಚಣಿ ಇಲ್ಲ. ಸರಿಯೋ ತಪ್ಪೋ ಅಂತ ವಾದ ಮಾಡುವವರು ಚಹಾದ ಅಂಗಡಿಯಲ್ಲಿ ಬೇಕಾದಷ್ಟು ಜನ ಇದ್ದರು. ಅವನು ವಾದಕ್ಕೆ ಕೂರಲಿಲ್ಲ. ತಾನು ಮೂವತ್ತಾರಕ್ಕೆ ಮಾಜಿ ಆದವನು, ಈ ಹುಡುಗರು ಇಪ್ಪತ್ಮೂರಕ್ಕೆ ಆಗುತ್ತಾರಲ್ಲ ಅನ್ನೋದು ಅವನನ್ನು ಕೊರೆಯುತ್ತಿತ್ತು. ಬರುವ ಹುಡುಗರಿಗೆ ಡ್ರೈವಿಂಗ್ ಕಲಿ, ಐಟಿಐ ಮುಗಿಸಿಯೇ ಹೋಗು ಅಂತ ಹೇಳಲು ಶುರುಮಾಡಿದ. ಓಟ ನಿಲ್ಲಿಸಲಿಲ್ಲ.

ಸಾವಿನ ಬಗ್ಗೆ ಹೆಚ್ಚು ಬರೆಯೋದಿಲ್ಲ. ಕಾಫಿ ಕೊಯ್ಲಿನ ಸಮಯ, ಕಣದಲ್ಲಿ ಹಣ್ಣು ಹರಡುತ್ತಿದ್ದ. ಎದೆ ಹಿಡಿದಂತಾಯಿತು, ಗ್ಯಾಸ್ಟ್ರಿಕ್ ಅಂದುಕೊಂಡ. ಬಿಸಿನೀರು ಕುಡಿದ. ಮತ್ತೆ ಜಾಸ್ತಿಯಾಗಿ ಸಕಲೇಶಪುರಕ್ಕೆ ಕರೆದೊಯ್ದರು, ಅಲ್ಲಿಂದ ಹಾಸನಕ್ಕೆ ಇನ್ನೂ ನಲವತ್ತು ಕಿಲೋಮೀಟರ್. ಹಾಸನ ಮುಟ್ಟಲಿಲ್ಲ.

ಒಂದೂವರೆ ವರ್ಷದ ಮೇಲೆ ಅವನು ಮತ್ತೊಂದು ಸಲ ಸತ್ತ. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ದಿನಾ ಎಣಿಕೆಯಾಗಿ ಬರುತ್ತಿದ್ದದ್ದು ನೆನಪಿದೆಯಲ್ಲ? ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಕು ಹರಿಯುವ ಮುಂಚೆಯೇ ಸಾಲು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು, ಜುಲೈನಲ್ಲಿ ಬಂದ ವರದಿ ಗಾಬರಿ ಬೀಳುವಂಥ ಅಸಹಜ ಏರಿಕೆ ಏನೂ ಇಲ್ಲ ಅಂದಿತು. ಅಷ್ಟರೊಳಗೆ ನಮ್ಮೂರ ಗ್ರೂಪಿನಲ್ಲಿ ಯಾರೋ ಅವನ ಯೂನಿಫಾರಂ ಫೋಟೋ ಹಾಕಿ ‘ಇಂಥ ಗಟ್ಟಿಮುಟ್ಟಾದ ಯೋಧನನ್ನೇ ಬಿಡಲಿಲ್ಲ’ ಅಂತ ಬರೆದಾಗಿತ್ತು. ಅದು ಎಲ್ಲೆಲ್ಲೋ ಹೋಯಿತು. ಒಂದು ಕಡೆ ಅದೇ ವಾರ ಸತ್ತ ಅಂತಲೂ ಆಯಿತು. ಸಾಲಿನಲ್ಲಿ ನಿಂತವರ ಭಯ ನನಗೂ ಇತ್ತು, ನಾನೂ ಇಸಿಜಿ ಮಾಡಿಸಿಕೊಂಡು ಬಂದೆ. ಆದರೂ ಆ ಫೋಟೋ ನೋಡಿದಾಗ ಮೈ ಉರಿಯಿತು. ಮೊದಲು ಬೆಟ್ಟದ ಮುಂದೆ ನಿಲ್ಲಿಸಿದರು, ಆಮೇಲೆ ಎಣಿಕೆಗೆ ಸೇರಿಸಿದರು.

ಅವನ ಹೆಂಡತಿ ಆ ಗ್ರೂಪಿನಲ್ಲಿ ಒಂದೇ ಸಾಲು ಬರೆದರು: ‘ಅವರು ಹೋಗಿದ್ದು ಹೋದ ವರ್ಷ. ದಯವಿಟ್ಟು ಅಳಿಸಿ.’ ಕುಟುಂಬ ಪಿಂಚಣಿಯ ಸ್ಪರ್ಶ್ ಪೋರ್ಟಲ್ಲು, ಆಧಾರ್, ಬ್ಯಾಂಕು, ಸೈನಿಕ ಕಲ್ಯಾಣ ಇಲಾಖೆ ಅಂತ ಎಲ್ಲವನ್ನೂ ಒಬ್ಬರೇ ಓಡಾಡಿ ಕಲಿತವರು ಅವರು. ಈಗ ಸುತ್ತಮುತ್ತಲ ಊರಿನ ಮಾಜಿ ಸೈನಿಕರ ಮನೆಯವರು ಜೀವಿತ ಪ್ರಮಾಣಪತ್ರದ ಸಮಯಕ್ಕೆ ಇವರ ಮನೆಗೇ ಬರುತ್ತಾರೆ.

ಅವನ ಹೆಸರಿನಲ್ಲಿ ಪಂದ್ಯಾವಳಿ ಶುರುವಾಗಿದೆ. ಕೊಯ್ಲು ಮುಗಿದು ಹೂಮಳೆ ಬರುವ ನಡುವಿನ ಬಿಡುವಿನಲ್ಲಿ, ಹೊನಲು ಬೆಳಕಿನಲ್ಲಿ. ಶೀಲ್ಡ್ ಮೇಲೆ ಏನು ಬರೆಸಬೇಕು ಅಂತ ಕಮಿಟಿಯಲ್ಲಿ ದೊಡ್ಡ ಜಗಳ. ‘ವೀರಯೋಧ’ ಇರಲೇಬೇಕು ಅಂತ ಒಂದು ಗುಂಪು. ‘ವಾಲಿಬಾಲ್ ಆಟಗಾರ, ಮಾಜಿ ಸೈನಿಕ’ ಅಂತ ಇದೇ ಕ್ರಮದಲ್ಲಿ ಬರೆಸಿ, ಇಲ್ಲಾಂದ್ರೆ ಹೆಸರೇ ಬೇಡ ಅಂತ ಮನೆಯವರು. ಯೋಧ ಅನ್ನೋ ಪದ ಇಲ್ಲದಿದ್ದರೆ ಪ್ರಾಯೋಜಕರು ಸಿಗೋದಿಲ್ಲ ಅಂತ ಕಮಿಟಿಯ ಅಳಲು, ಅದೂ ಸುಳ್ಳಲ್ಲ. ಕಡೆಗೆ ಶೀಲ್ಡ್ ಮೇಲೆ ಮನೆಯವರು ಹೇಳಿದ್ದು, ದ್ವಾರದ ಫ್ಲೆಕ್ಸ್ ಮೇಲೆ ಕಮಿಟಿ ಹೇಳಿದ್ದು ಅಂತ ಒಪ್ಪಂದವಾಯಿತು. ವಿಮಾನ ಈಗಲೂ ಇದೆ.

ಉತ್ತಮ ಹೊಡೆತಗಾರನಿಗೆ ಕೊಡುವಷ್ಟೇ ದುಡ್ಡನ್ನು ಉತ್ತಮ ಲಿಫ್ಟರನಿಗೂ ಕೊಡಬೇಕು ಅನ್ನೋ ನನ್ನ ಮಾತಿಗೆ ಮಾತ್ರ ಎಲ್ಲರೂ ತಕ್ಷಣ ತಲೆಯಾಡಿಸಿದರು. ಆದರೆ ಕೊಡೋದು ಯಾರಿಗೆ? ಇಷ್ಟು ದಿನ ಕಮಿಟಿಯವರು ಗೆದ್ದ ತಂಡದ ಲಿಫ್ಟರನನ್ನು ಕರೆದು ಕೊಟ್ಟುಬಿಡುತ್ತಿದ್ದರು. ಹಾಗಾಗಿ ಈ ಸಲ ನಾನು ಸ್ಕೋರ್ ಹಾಳೆಯ ಪಕ್ಕ ಇನ್ನೊಂದು ಹಾಳೆ ಇಟ್ಟುಕೊಂಡೆ. ಎತ್ತಿದ್ದು ಹೊಡೆಯುವವನಿಗೆ ಸರಿಯಾಗಿ ಸಿಕ್ಕರೆ ಒಂದು ಗೀಟು, ಅವನೇ ತಿದ್ದಿಕೊಂಡು ಹೊಡೆಯಬೇಕಾದರೆ ಸೊನ್ನೆ, ಕೆಟ್ಟ ಪಾಸನ್ನು ಸರಿಮಾಡಿ ಎತ್ತಿದ್ದರೆ ಗೀಟಿನ ಮೇಲೆ ಚುಕ್ಕಿ. ಎರಡು ಹಾಳೆ ಒಟ್ಟಿಗೆ ತುಂಬೋದು ಸುಲಭ ಅಲ್ಲ. ಒಂದು ಸರ್ವೀಸ್ ಬದಲಾವಣೆ ಬರೆಯೋದು ತಡವಾಗಿ ಅಂಪೈರ್ ಎಲ್ಲರೆದುರೇ ಬೈದರು. ಸೆಮಿಫೈನಲ್ ಮುಗಿದ ಕೂಡಲೇ ಸೋತ ತಂಡದ ಲಿಫ್ಟರ್, ಹತ್ತೊಂಬತ್ತರ ಹುಡುಗ, ಬೆವರು ಒರೆಸಿಕೊಳ್ಳುತ್ತ ಟೇಬಲ್ ಹತ್ತಿರ ಬಂದು ಹಾಳೆಯೊಳಗೆ ಇಣುಕಿದ. ಎರಡನೇ ಸೆಟ್ಟಿನ ಒಂದು ಸೊನ್ನೆ ಮೇಲೆ ಬೆರಳಿಟ್ಟು, “ಅಣ್ಣ, ಇದು ನಂದ್ ತಪ್ಪಲ್ಲ, ಅವ್ನು ಮುಂಚೇನೇ ಹಾರ್ದ” ಅಂದ. ನಾನು ಇಲ್ಲ ಅಂದೆ. ಅವನು ತನ್ನ ಹೊಡೆತಗಾರನನ್ನೇ ಎಳೆದುಕೊಂಡು ಬಂದ, ಆಚೆ ತಂಡದ ಲಿಫ್ಟರೂ ಬಂದ, ಫೈನಲ್ ಶುರುಮಾಡಿ ಅಂತ ಮೈಕಿನವರು ಕೂಗುತ್ತಲೇ ಇದ್ದರು.